ಒಂಟೆ, ಕುದುರೆ ಒಂದೇ ಕಾಯಿಯಾದರೆ ಬೆಲೆ ಎಷ್ಟು?

ಚದುರಂಗದ ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ 1920ರ ದಶಕದಲ್ಲಿ ಮುಂದಿಟ್ಟ ಚದುರಂಗದಲ್ಲಿ ಮಣೆಯ ಅಗಲ ಹತ್ತು ಮನೆ, ಉದ್ದ ಎಂಟು. ಹೊಸ ಕಾಯಿ ಎರಡು: ಒಂಟೆ, ಕುದುರೆ ಎರಡರ ನಡೆಯೂ ಇರುವ ಆರ್ಚ್‌ಬಿಷಪ್, ಆನೆ, ಕುದುರೆ ಎರಡರ ನಡೆಯೂ ಇರುವ ಚಾನ್ಸಲರ್. ಕ್ಯಾಸ್ಲಿಂಗ್‌ನಲ್ಲಿ (ರಾಜ, ಆನೆ ಒಂದೇ ಸರದಿಯಲ್ಲಿ ಸರಿಯುವ ವಿಶೇಷ ನಡೆ) ರಾಜ ಮೂರು ಮನೆ ಸರಿಯುತ್ತಾನೆ. ಉಳಿದದ್ದು ಹೆಚ್ಚುಕಡಿಮೆ ಮಾಮೂಲಿ ಆಟವೇ.

ಕಾಯಿ ಬದಲಾಯಿಸಿಕೊಳ್ಳಬೇಕಾದರೆ ಬೆಲೆ ಗೊತ್ತಿರಬೇಕಲ್ಲ. ಕಾಲಾಳಿಗೆ ಒಂದು, ಒಂಟೆಗೆ ಮೂರೂವರೆ, ಕುದುರೆಗೆ ಮೂರು ಹಿಡಿದರೆ ಆರ್ಚ್‌ಬಿಷಪ್ ಆರೂವರೆ ಆಗಬೇಕು. ಈ ಕೂಡುಲೆಕ್ಕ ಆಟದಲ್ಲಿ ನಿಲ್ಲುತ್ತದೆಯೇ ನೋಡೋಣವೆಂದು ಫೇರಿ-ಸ್ಟಾಕ್‌ಫಿಶ್ ಎಂಬ, ಚದುರಂಗದ ಬಗೆಬಗೆಯ ರೂಪಗಳನ್ನು ಆಡುವ ಕಂಪ್ಯೂಟರ್ ಎಂಜಿನ್ನನ್ನು ಅದರ ವಿರುದ್ಧವೇ ಆಡಿಸಿದೆ. ಒಂದು ಪಕ್ಷದ ರಾಣಿ ತೆಗೆದೆ, ಇನ್ನೊಂದರ ಆರ್ಚ್‌ಬಿಷಪ್ ತೆಗೆದೆ. ಪ್ರತಿ ಆಟಕ್ಕೂ ಬಣ್ಣ ಅದಲುಬದಲು, ಶುರುವಿನ ನಡೆಗಳೂ ಬೇರೆಬೇರೆ. ಆದರೆ ಬರೀ ಸೋಲು-ಗೆಲುವು ಎಣಿಸಿದರೆ ಬೆಲೆ ಸಿಗುವುದಿಲ್ಲ, ಅದನ್ನು ಕಾಲಾಳಿನ ಲೆಕ್ಕಕ್ಕೆ ಇಳಿಸಬೇಕು. ಅದಕ್ಕಾಗಿ ಒಂದೇ ಒಂದು ಕಾಲಾಳು ಕಡಿಮೆ ಇಟ್ಟು ಇನ್ನೊಂದು ಸರಣಿ ಆಡಿಸಿ, ಆ ಫಲಿತಾಂಶವನ್ನೇ ಅಳತೆಗೋಲು ಮಾಡಿಕೊಂಡೆ. ಬೇಸರದ ಕೆಲಸ, ನಿಜ.

ರಾಣಿ ಉಳಿದ ಪಕ್ಷಕ್ಕೆ ಸಿಕ್ಕ ಮೇಲುಗೈ ಹೆಚ್ಚೆಂದರೆ ಒಂದು ಕಾಲಾಳಿನಷ್ಟು! ರಾಣಿಗೆ ಒಂಬತ್ತೂವರೆ ಕೊಟ್ಟರೆ ಆರ್ಚ್‌ಬಿಷಪ್‌ಗೆ ಎಂಟೂವರೆಗಿಂತ ಕಡಿಮೆ ಕೊಡಲಾಗದು. ಚಾನ್ಸಲರ್ ಒಂಬತ್ತರ ಆಸುಪಾಸು.

ಖಾಲಿ ಮಣೆಯ ನಡುವೆ ರಾಣಿಗೆ 30 ಮನೆ ಸಿಗುತ್ತವೆ, ಚಾನ್ಸಲರ್‌ಗೆ 24, ಆರ್ಚ್‌ಬಿಷಪ್‌ಗೆ 22. ಇಷ್ಟೇ ನೋಡಿದರೆ ನನ್ನ ಅಂಕಿ ಜಾಸ್ತಿಯಾಯಿತು ಅನ್ನಿಸುತ್ತದೆ. ಆದರೆ ಕಾಯಿಯ ಸುತ್ತಲಿನ ಐದು-ಐದು ಮನೆಯ ಚೌಕವನ್ನಷ್ಟೇ ಎಣಿಸಿ ನೋಡಿ: 24 ಮನೆಗಳಲ್ಲಿ ಮೂರೂ ಕಾಯಿಗಳು 16ನ್ನೇ ಹೊಡೆಯುತ್ತವೆ. ಕಾಯಿಗಳು ಕಿಕ್ಕಿರಿದ ಮಣೆಯಲ್ಲಿ ದೂರದ ನೋಟಕ್ಕಿಂತ ಹತ್ತಿರದ ಹೊಡೆತಕ್ಕೇ ಬೆಲೆ. ಜೊತೆಗೆ, ಒಂದೇ ಬಣ್ಣದ ಮನೆಗಳಿಗೆ ಅಂಟಿಕೊಂಡಿರುವ ಒಂಟೆಯ ದೋಷವನ್ನು ಕುದುರೆ ನೆಗೆತ ಪೂರ್ತಿ ಕಳೆಯುತ್ತದೆ. (ಮನೆಗಳ ಹೆಸರು ಅಗಲಕ್ಕೆ ಎ ಇಂದ ಜೆ, ಉದ್ದಕ್ಕೆ 1ರಿಂದ 8.) ಎದುರಾಳಿಯ ಒಂಟಿ ರಾಜ ಎ1 ಮೂಲೆಯಲ್ಲಿದ್ದು ಆರ್ಚ್‌ಬಿಷಪ್ ಸಿ3ಕ್ಕೆ ಬಂದರೆ ಮುಗಿಯಿತು: ಎ1, ಬಿ2 ಓರೆಸಾಲಿಗೆ, ಎ2, ಬಿ1 ನೆಗೆತಕ್ಕೆ. ಯಾರ ಸಹಾಯವೂ ಬೇಕಿಲ್ಲದ ಮೇಟ್. ಬರೀ ರಾಣಿಗೆ ಇದು ಆಗದು.

ಹಾಗಾಗಿ ಈಗ ನಾನು ಆನೆಯನ್ನೂ ಕುದುರೆಯನ್ನೂ ಕೊಟ್ಟು ಆರ್ಚ್‌ಬಿಷಪ್ ಹೊಡೆಯುವ ಅವಕಾಶ ಸಿಕ್ಕರೆ ಬಿಡುವುದಿಲ್ಲ. ಕಪ್ಪು ಆಡುವಾಗ ಇನ್ನೊಂದು ಎಚ್ಚರ: ಆರಂಭದಲ್ಲಿ ಐ7ರ ಕಾಲಾಳಿಗೆ ಕಾವಲೇ ಇರುವುದಿಲ್ಲ. ಬಿಳಿ ಡಿ4 ಆಡಿದ ಕೂಡಲೇ ಸಿ1ರ ಆರ್ಚ್‌ಬಿಷಪ್ ನೇರ ಅದರ ಮೇಲೆ ಕಣ್ಣಿಡುತ್ತದೆ, ಹೊಡೆದರೆ ಆನೆಗೂ ಚಾನ್ಸಲರ್‌ಗೂ ಒಟ್ಟಿಗೇ ಗುರಿ. ಎಚ್6ಕ್ಕೆ ಕಾಲಾಳು ತಳ್ಳಿದರೆ ದಾರಿ ಮುಚ್ಚುತ್ತದೆ.