ಪಾವಗಡದ ಫ್ಲೋರೈಡ್ ನೀರು ಬಿಡಿಸಿದ್ದು ಹೇಗೆ: ನನ್ನ ಅನುಭವ

ಬೋರ್‌ವೆಲ್ ನೀರಿನಲ್ಲಿ ಹಲ್ಲಿಗೆ ಕಲೆ ಕೂರಿಸುವಷ್ಟು ಫ್ಲೋರೈಡ್ ಎಂಬ ಲವಣವಿರುವ ಪಾವಗಡದಂಥ ಬರದ ತಾಲ್ಲೂಕಿನಲ್ಲಿ, ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಬೀಳುವ ಮಳೆಯನ್ನೇ ಹಿಡಿದು ಒಂದು ಸಂಸಾರ ವರ್ಷವಿಡೀ ಕುಡಿಯಬಹುದೆಂದು ನಾನು ಹೇಳಿದಾಗ ನಕ್ಕಿದ್ದ ಎಂಜಿನಿಯರುಗಳಲ್ಲಿ ಕೆಲವರು ಈಗ ತಮ್ಮ ಊರಿನ ಮನೆಗಳಿಗೆ ಅಂದಾಜುಪಟ್ಟಿ ಕೇಳುತ್ತಿದ್ದಾರೆ.

ಇದಕ್ಕೆ ಮುಂಚೆ ಬೋರ್‌ವೆಲ್ ನೀರಿನಿಂದ ಫ್ಲೋರೈಡ್ ತೆಗೆಯಲು ಹಣ ಹೋದ ದಾರಿಗಳು ಹಲವು. ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಆಕ್ಟಿವೇಟೆಡ್ ಅಲ್ಯುಮಿನಾ ಎಂಬ ಹರಳುಗಳ ಸೋಸುಕಗಳಿಗೆ ಸುಮಾರು ಒಂದು ಲಕ್ಷ ರೂಪಾಯಿ ಸುರಿದೆವು. ನಮ್ಮ ಬೋರ್‌ವೆಲ್ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರ ಮೇಲಿದ್ದು, ಅಂದರೆ ನೀರು ಕ್ಷಾರವಾಗಿದ್ದುದರಿಂದ ಹರಳುಗಳು ಬೇಗನೆ ಸೋತವು. ಅವನ್ನು ಚುರುಕುಗೊಳಿಸಲು ಕಾಸ್ಟಿಕ್ ಸೋಡಾ, ಆಮೇಲೆ ಆಮ್ಲ ಬಳಸಬೇಕಾದ ಕೆಲಸವನ್ನು ಮನೆಯ ಹೆಂಗಸರ ಕೈಗೆ ಒಪ್ಪಿಸುವುದು ಸಾಧ್ಯವೇ ಇರಲಿಲ್ಲ. ಪಟಿಕ, ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ ನಲ್ಗೊಂಡ ವಿಧಾನದಲ್ಲಿ ಪಟಿಕದ ರುಚಿಯೂ ತಳದ ಗಸಿಯೂ ಉಳಿದವು. ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ಸೋಸುವ ಆರ್‌ಒ ಘಟಕ ಕೆಲಸ ಮಾಡಿತು, ಆದರೆ ಒಳಬಿಟ್ಟ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಚರಂಡಿ ಸೇರಿತು. ಆ ಪೊರೆ (ಮೆಂಬ್ರೇನ್) ಬದಲಿಸುವ ಖರ್ಚು ಬಂದಾಗ ಘಟಕಕ್ಕೆ ಬೀಗ ಬಿತ್ತು. ಕೀನ್ಯಾದ ನಕುರು ಸುತ್ತಮುತ್ತ ಎಲುಬಿನ ಇದ್ದಿಲಿನಿಂದ ಫ್ಲೋರೈಡ್ ತೆಗೆಯುತ್ತಾರೆಂದು ತಿಳಿದು ನಾನೂ ಒಂದು ಡ್ರಮ್ಮಿನಲ್ಲಿ ಮಾಡಿ ನೋಡಿದೆ. ಅದು ಚೆನ್ನಾಗಿಯೇ ಸೋಸಿತು, ಆದರೆ ಒಳಗಿರುವುದು ಏನೆಂದು ಗೊತ್ತಾದ ದಿನದಿಂದ ಯಾರೂ ಆ ನೀರು ಮುಟ್ಟಲಿಲ್ಲ.

ಕೊನೆಗೆ ಮಳೆನೀರಿಗೇ ಬಂದೆ. ಅದರ ಲೆಕ್ಕ ಹೀಗೆ: 30 ಚದರ ಮೀಟರಿನ ತಾರಸಿಯಿಂದ ಸೋರಿಕೆ ಕಳೆದು 12 ಸಾವಿರ ಲೀಟರ್ ಸಿಗುತ್ತದೆ, ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು. ನಕ್ಕವರು ವರ್ಷದ ಒಟ್ಟು ಮಳೆಯನ್ನಷ್ಟೇ ನೋಡಿದ್ದರು. ನಾನು ನೋಡಿದ್ದು ನವೆಂಬರಿನಿಂದ ಮೇ ತನಕ ಕೂಡಿಟ್ಟ ನೀರಿನಲ್ಲೇ ಕಳೆಯಬೇಕಾದ ಒಣ ತಿಂಗಳುಗಳನ್ನು. ಆದ್ದರಿಂದ 7 ಸಾವಿರ ಲೀಟರಿನ ಫೆರೋಸಿಮೆಂಟ್ (ತಂತಿ ಜಾಲರಿಗೆ ಸಿಮೆಂಟು ಗಾರೆ ಮೆತ್ತಿದ) ತೊಟ್ಟಿಯನ್ನೇ ಕಟ್ಟಿಸಿದೆ. ಕೋಳಿ ಜಾಲರಿ, ಕಂಬಿ, ಸಿಮೆಂಟು, ಗಾರೆಯವರ ಕೂಲಿ ಎಲ್ಲ ಸೇರಿ ತೊಟ್ಟಿಯೊಂದಕ್ಕೆ ಸುಮಾರು 35 ಸಾವಿರ ತಗಲಿತು. ಮೊದಲ ಮಳೆಯ ಕೊಳಕು ನೀರನ್ನು ಹೊರಗೆ ಹಾಕುವ ಪೈಪು, ಸೊಳ್ಳೆ ನುಗ್ಗದಂತೆ ಹೆಚ್ಚಾದ ನೀರು ಹೊರಹೋಗುವ ಬಾಯಿಗೂ ಜಾಲರಿ, ಬೆಳಕು ಬೀಳದ ಮುಚ್ಚಳ, ಇವು ಮೂರರಲ್ಲಿ ರಾಜಿಯಿಲ್ಲ. ಬೋರ್‌ವೆಲ್ ನೀರಿಗೆ ಒಗ್ಗಿದ ಹಿರಿಯರು ಇದನ್ನು ಚಪ್ಪೆ ಎಂದರು. ಅದಕ್ಕೆ ನಾನು ಕಂಡುಕೊಂಡ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ಹೆಚ್ಚಿನ ಮನೆಗಳ ತೊಟ್ಟಿಗಳು ಮೇ ತಿಂಗಳ ಮಳೆಯವರೆಗೂ ಬತ್ತಲಿಲ್ಲ. ಪರೀಕ್ಷಿಸಿದಾಗಲೆಲ್ಲ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಕೂಡ ಮುಟ್ಟಲಿಲ್ಲ. ಈಗಾಗಲೇ ಹುಟ್ಟಿದ ಹಲ್ಲಿನ ಮೇಲಿನ ಫ್ಲೋರೈಡ್ ಕಲೆ ನೀರು ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲೇ ಆ ಕಲೆ ಕೂಡುವುದರಿಂದ, ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗಳನ್ನೇ ಮೊದಲು ಆರಿಸಿದೆ. ಇದರಿಂದ ಹಿರಿಯರ ಅಸಮಾಧಾನವನ್ನೂ ಸಹಿಸಬೇಕಾಯಿತು.

ಈಗ ಅರ್ಧ ಹಣವನ್ನು ಮನೆಯವರು ಸ್ವಸಹಾಯ ಸಂಘದ ಸಾಲದ ಕಂತುಗಳಲ್ಲಿ ಕಟ್ಟುತ್ತಾರೆ. ತೊಟ್ಟಿಗೆ ಎರಡು ವಾರ ಒದ್ದೆ ಗೋಣಿ ಹೊದಿಸಿ, ಗಾರೆ ಗಟ್ಟಿಯಾಗುವಂತೆ ಕ್ಯೂರಿಂಗ್ ಮಾಡಿದ ಮನೆಗಷ್ಟೇ ನಾನು ಪೈಪು ಜೋಡಿಸುತ್ತೇನೆ, ಏಕೆಂದರೆ ಇಲ್ಲಿಯವರೆಗೆ ಬಿರುಕು ಬಿಟ್ಟ ತೊಟ್ಟಿಗಳೆಲ್ಲ ಅದನ್ನು ಅಸಡ್ಡೆ ಮಾಡಿದ ಮನೆಗಳವೇ.