ಮಾರ್ಚ್‌ನಲ್ಲಿ ಬಾಸ್ಟನ್ ಸುತ್ತಮುತ್ತ ಇದ್ದೀರಾ? ಹಾಕಿ ಈಸ್ಟ್ ಟೂರ್ನಿ ಬಗ್ಗೆ ಇಷ್ಟು ತಿಳಿದಿರಲಿ

ಎಂಎಸ್ ಓದೋಕೆ ನಾರ್ತ್ಈಸ್ಟರ್ನ್‌ಗೋ ಯುಮಾಸ್ ಲೋವೆಲ್‌ಗೋ ಬಂದವರು, ಕೆಲಸದ ಮೇಲೆ ಬಂದು ವೆಸ್ಟ್‌ಬರೋ, ಆಕ್ಟನ್, ಬರ್ಲಿಂಗ್‌ಟನ್ ಕಡೆ ಮನೆ ಮಾಡಿದವರು, ಎಲ್ಲರೂ ಒಂದು ಸಲ ನೋಡಲೇಬೇಕಾದ್ದು ಇಲ್ಲಿನ ಕಾಲೇಜು ಐಸ್ ಹಾಕಿ. ಆಟ ಇಷ್ಟವಾಗೋಕೆ ಹತ್ತು ನಿಮಿಷ ಸಾಕು. ಆದರೆ ಅದರ ವ್ಯವಸ್ಥೆ ತಲೆಗೆ ಹತ್ತೋದು ಕಷ್ಟ. ಯಾವುದು ಲೀಗ್, ಯಾವುದು ಟೂರ್ನಿ, ಗೆದ್ದವರು ಎಲ್ಲಿಗೆ ಹೋಗ್ತಾರೆ, ಸೋತವರು ಮತ್ತೆ ಹೇಗೆ ಬರ್ತಾರೆ ಅಂತ ಹೊಸಬರಿಗೆ ಗೊತ್ತಾಗಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಲೆಕ್ಕ ಗೊತ್ತಾದರೆ ಮಾರ್ಚ್ ತಿಂಗಳ ಪಂದ್ಯಗಳ ರುಚಿಯೇ ಬೇರೆ.

ಮೊದಲು ಕಾನ್ಫರೆನ್ಸ್ ಅಂದರೆ ಏನು ಅಂತ ನೋಡೋಣ. ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನು ಸರ್ಕಾರ ನಡೆಸಲ್ಲ. ಎನ್‌ಸಿಎಎ ಅನ್ನೋ ಸಂಸ್ಥೆ ದೇಶಕ್ಕೆಲ್ಲ ನಿಯಮ ಮಾಡುತ್ತದೆ. ಅದರ ಕೆಳಗೆ ಕಾಲೇಜುಗಳು ತಾವೇ ಗುಂಪು ಕಟ್ಟಿಕೊಳ್ಳುತ್ತವೆ. ಆ ಗುಂಪೇ ಕಾನ್ಫರೆನ್ಸ್. ಮೇಲಿನ ದರ್ಜೆಯ ಪುರುಷರ ಐಸ್ ಹಾಕಿಯಲ್ಲಿ ಆರು ಕಾನ್ಫರೆನ್ಸ್‌ಗಳಿವೆ. ನಮ್ಮ ಕಡೆಯದು ಹಾಕಿ ಈಸ್ಟ್, 1984ರಲ್ಲಿ ಶುರುವಾದದ್ದು. ಈಗ ಅದರಲ್ಲಿ ಹನ್ನೊಂದು ತಂಡಗಳಿವೆ: ಬಾಸ್ಟನ್ ಕಾಲೇಜ್, ಬಾಸ್ಟನ್ ಯೂನಿವರ್ಸಿಟಿ, ನಾರ್ತ್ಈಸ್ಟರ್ನ್, ಮೆರಿಮ್ಯಾಕ್, ಆಮ್ಹರ್ಸ್ಟ್‌ನ ಯುಮಾಸ್, ಯುಮಾಸ್ ಲೋವೆಲ್, ಪ್ರಾವಿಡೆನ್ಸ್, ಕನೆಕ್ಟಿಕಟ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್. ಹಾರ್ವರ್ಡ್ ಇದರಲ್ಲಿಲ್ಲ. ಅದು ಇಸಿಎಸಿ ಅನ್ನೋ ಬೇರೆ ಕಾನ್ಫರೆನ್ಸ್‌ಗೆ ಸೇರಿದೆ.

ಅಕ್ಟೋಬರ್‌ನಿಂದ ಮಾರ್ಚ್ ಮೊದಲ ವಾರದವರೆಗೆ ಈ ತಂಡಗಳು ತಮ್ಮತಮ್ಮಲ್ಲಿ ಆಡಿ ಪಾಯಿಂಟ್ ಗಳಿಸುತ್ತವೆ. ಒಂದೊಂದು ತಂಡಕ್ಕೂ ಕಾನ್ಫರೆನ್ಸ್ ಒಳಗೆ 24 ಪಂದ್ಯ. ನಿಗದಿತ ಸಮಯದಲ್ಲಿ ಗೆದ್ದರೆ ಮೂರು ಪಾಯಿಂಟ್, ಓವರ್‌ಟೈಮ್ ಅಥವಾ ಶೂಟೌಟ್‌ನಲ್ಲಿ ಗೆದ್ದರೆ ಎರಡು, ಅಲ್ಲಿ ಸೋತರೂ ಒಂದು. ಕೊನೆಗೆ ಪಟ್ಟಿಯಲ್ಲಿ ಮೇಲಿದ್ದವರಿಗೆ ಲೀಗ್ ಅಗ್ರಸ್ಥಾನದ ಪ್ರಶಸ್ತಿ. ಅದು ಅಲ್ಲಿಗೆ ಮುಗೀತು. ಆಮೇಲೆ ಶುರುವಾಗೋದು ಟೂರ್ನಿ, ಅದು ಬೇರೆಯೇ ಕಿರೀಟ. ಅದಾದ ಮೇಲೆ ಬರೋದು ಎನ್‌ಸಿಎಎ ರಾಷ್ಟ್ರೀಯ ಟೂರ್ನಿ, ಅದು ಮೂರನೆಯದು. ಈ ಮೂರನ್ನೂ ಬೇರೆ ಬೇರೆ ಇಟ್ಟುಕೊಂಡು ನೋಡಿದರೆ ಅರ್ಧ ಗೊಂದಲ ಹೋಗುತ್ತದೆ.

ರಾಷ್ಟ್ರೀಯ ಟೂರ್ನಿಗೆ 16 ತಂಡಗಳಿಗೆ ಜಾಗ. ಆರು ಕಾನ್ಫರೆನ್ಸ್ ಟೂರ್ನಿಗಳನ್ನು ಗೆದ್ದ ಆರು ತಂಡಗಳು ನೇರವಾಗಿ ಒಳಗೆ ಹೋಗುತ್ತವೆ. ಉಳಿದ ಹತ್ತು ಜಾಗ ವರ್ಷಪೂರ್ತಿ ಆಡಿದ ಆಟದ ಲೆಕ್ಕದ ಮೇಲೆ. ಯಾರ ಮೇಲೆ ಗೆದ್ದಿರಿ, ಎಲ್ಲಿ ಗೆದ್ದಿರಿ, ಎದುರಾಳಿ ಎಷ್ಟು ಬಲವಾಗಿತ್ತು ಅನ್ನೋದನ್ನೆಲ್ಲ ಒಂದು ಸೂತ್ರಕ್ಕೆ ಹಾಕಿ ಸಾಲು ಮಾಡುತ್ತಾರೆ. ಮೊದಲು ಪೇರ್‌ವೈಸ್ ಅಂತ ಒಂದು ಪದ್ಧತಿ ಇತ್ತು, 2025-26ರಿಂದ ಎನ್‌ಪಿಐ ಬಂದಿದೆ. ಸೂತ್ರದ ಒಳಗೆ ಇಳಿಯೋದು ಬೇಡ. ಇಷ್ಟು ಗೊತ್ತಿದ್ದರೆ ಸಾಕು: ವರ್ಷವಿಡೀ ಚೆನ್ನಾಗಿ ಆಡಿದ ತಂಡ ಮಾರ್ಚ್‌ನಲ್ಲಿ ಸೋತರೂ ಅದಕ್ಕೆ ಜಾಗ ಸಿಗುತ್ತದೆ. ವರ್ಷವಿಡೀ ಎಡವಿದ ತಂಡಕ್ಕೆ ಕಾನ್ಫರೆನ್ಸ್ ಟೂರ್ನಿ ಒಂದೇ ದಾರಿ.

2025ರಲ್ಲಿ ಆದದ್ದನ್ನು ನೋಡಿ. ಬಾಸ್ಟನ್ ಕಾಲೇಜ್ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿತ್ತು. ಕ್ವಾರ್ಟರ್‌ಫೈನಲ್‌ನಲ್ಲಿ, ಅದೂ ತನ್ನದೇ ಅಂಗಳದಲ್ಲಿ, ಪಟ್ಟಿಯ ಕೆಳಗಡೆ ಇದ್ದ ನಾರ್ತ್ಈಸ್ಟರ್ನ್ ಕೈಲಿ 3-1ರಿಂದ ಸೋತಿತು. ಟೂರ್ನಿಯಿಂದ ಹೊರಗೆ. ಆದರೆ ವರ್ಷದ ಲೆಕ್ಕ ಗಟ್ಟಿಯಾಗಿದ್ದರಿಂದ ರಾಷ್ಟ್ರೀಯ ಟೂರ್ನಿಯ 16 ತಂಡಗಳಲ್ಲಿ ಅದಕ್ಕೇ ಮೊದಲ ಸೀಡ್ ಸಿಕ್ಕಿತು. ಅದನ್ನು ಸೋಲಿಸಿದ ನಾರ್ತ್ಈಸ್ಟರ್ನ್ ಹುಡುಗರಿಗೆ ಮಾತ್ರ ಇನ್ನೂ ಎರಡು ಪಂದ್ಯ ಗೆಲ್ಲಲೇಬೇಕಿತ್ತು. ಸೆಮಿಫೈನಲ್‌ನಲ್ಲಿ ಮೇನ್ ವಿರುದ್ಧ ಎರಡನೇ ಓವರ್‌ಟೈಮ್‌ವರೆಗೂ ಹೋರಾಡಿ ಸೋತರು. ಆ ಒಂದು ಗೋಲಿನ ಜೊತೆ ಅವರ ಇಡೀ ವರ್ಷ ಮುಗಿಯಿತು. ಮರುದಿನ ಮೇನ್ ತಂಡ ಕನೆಕ್ಟಿಕಟ್ ಮೇಲೆ 5-2ರಿಂದ ಗೆದ್ದು 2004ರ ನಂತರ ಮೊದಲ ಸಲ ಪ್ರಶಸ್ತಿ ಎತ್ತಿತು. ಮೇನ್ ಯೂನಿವರ್ಸಿಟಿ ಇರುವ ಒರೊನೊ ಊರಿನಿಂದ ಬಾಸ್ಟನ್‌ಗೆ ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಆದರೂ ಮೇನ್‌ನವರು ನೀಲಿ ಜರ್ಸಿ ಹಾಕಿಕೊಂಡು ದಂಡುದಂಡಾಗಿ ಬರುತ್ತಾರೆ.

ಹಾಗಾಗಿ ಈ ಟೂರ್ನಿಯಲ್ಲಿ ಒಂದೇ ಮಂಜಿನ ಮೇಲೆ ಎರಡು ಥರದ ತಂಡಗಳು ಆಡುತ್ತಿರುತ್ತವೆ. ಒಂದಕ್ಕೆ ಇದು ಗೌರವದ ಪ್ರಶ್ನೆ, ಇನ್ನೊಂದಕ್ಕೆ ಉಳಿವಿನ ಪ್ರಶ್ನೆ. ಟಿಕೆಟ್ ತಗೊಳ್ಳೋ ಮುಂಚೆ ಯಾವ ತಂಡ ಯಾವ ಸ್ಥಿತಿಯಲ್ಲಿದೆ ಅಂತ ಎರಡು ನಿಮಿಷ ನೋಡಿಕೊಳ್ಳಿ. ಆಟ ಬೇರೆಯಾಗೇ ಕಾಣುತ್ತದೆ. ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋತರೆ ಮನೆಗೆ ಅನ್ನೋ ಪಂದ್ಯದಲ್ಲಿ ಜನ ತಮ್ಮ ಬಳಗಕ್ಕಾಗಿ ಹೇಗೆ ಕೂಗುತ್ತಾರೋ, ಇಲ್ಲಿಯೂ ಹಾಗೇ.

ಈಗ ಟೂರ್ನಿಯ ರೀತಿ. 2025ರಲ್ಲಿ ನಡೆದ ಹಾಗೆ ಹೇಳುತ್ತೇನೆ. ಹನ್ನೊಂದೂ ತಂಡಗಳಿಗೆ ಪ್ರವೇಶ ಇದೆ. ಮೊದಲ ಐದು ಸ್ಥಾನದವರು ನೇರ ಕ್ವಾರ್ಟರ್‌ಫೈನಲ್‌ಗೆ. ಉಳಿದ ಆರು ತಂಡಗಳು ಮೊದಲ ಸುತ್ತು ಆಡಬೇಕು: 6ನೇ ಸ್ಥಾನದವರು 11ರ ಮೇಲೆ, 7ನೆಯವರು 10ರ ಮೇಲೆ, 8ನೆಯವರು 9ರ ಮೇಲೆ. ಅಲ್ಲಿ ಗೆದ್ದ ಮೂವರು ಸೇರಿ ಎಂಟಾಗುತ್ತಾರೆ. ಒಂದೊಂದು ಸುತ್ತಾದ ಮೇಲೂ ಮತ್ತೆ ಜೋಡಿ ಮಾಡುತ್ತಾರೆ, ಉಳಿದವರಲ್ಲಿ ಮೇಲಿನವರಿಗೆ ಕೆಳಗಿನವರೇ ಎದುರಾಳಿ. ಎಲ್ಲವೂ ಒಂದೇ ಪಂದ್ಯದ ನಾಕೌಟ್. ಕ್ವಾರ್ಟರ್‌ಫೈನಲ್‌ವರೆಗೆ ಪಂದ್ಯ ನಡೆಯೋದು ಮೇಲಿನ ಸ್ಥಾನದ ಕಾಲೇಜಿನ ಸ್ವಂತ ರಿಂಕ್‌ನಲ್ಲಿ. ಸೆಮಿಫೈನಲ್ ಮತ್ತು ಫೈನಲ್ ಬಾಸ್ಟನ್‌ನ ಟಿಡಿ ಗಾರ್ಡನ್‌ನಲ್ಲಿ. ಬಾಸ್ಟನ್‌ನ ವೃತ್ತಿಪರ ತಂಡಗಳಾದ ಬ್ರೂಯಿನ್ಸ್ (ಐಸ್ ಹಾಕಿ), ಸೆಲ್ಟಿಕ್ಸ್ (ಬಾಸ್ಕೆಟ್‌ಬಾಲ್) ಆಡೋ ಜಾಗ ಅದೇ. ಗೆದ್ದವರಿಗೆ ಸಿಗೋದು ಲ್ಯಾಮೊರಿಯೆಲ್ಲೊ ಟ್ರೋಫಿ. ಈ ಕಾನ್ಫರೆನ್ಸಿನ ಮೊದಲ ಕಮಿಷನರ್ ಲೂ ಲ್ಯಾಮೊರಿಯೆಲ್ಲೊ ಅವರ ಹೆಸರಿನದು.

ಟೂರ್ನಿಯಲ್ಲಿ ಓವರ್‌ಟೈಮ್ ಬೇರೆ ಥರ. ಲೀಗ್ ಪಂದ್ಯದಲ್ಲಿ ಸಮ ಆದರೆ ಐದು ನಿಮಿಷ, ಗೋಲ್‌ಕೀಪರ್ ಬಿಟ್ಟು ಮೂರು ಮೂರು ಜನ ಆಡಿ, ಆಮೇಲೆ ಶೂಟೌಟ್‌ಗೆ ಹೋಗುತ್ತಾರೆ. ಟೂರ್ನಿಯಲ್ಲಿ ಆ ಅಡ್ಡದಾರಿ ಇಲ್ಲ. ಇಪ್ಪತ್ತು ನಿಮಿಷದ ಪೂರ್ತಿ ಅವಧಿ, ಗೋಲ್‌ಕೀಪರ್ ಬಿಟ್ಟು ಐದು ಐದು ಜನ, ಮೊದಲ ಗೋಲ್ ಬಿದ್ದ ಕ್ಷಣವೇ ಪಂದ್ಯ ಮುಗಿಯುತ್ತದೆ. ಬೀಳದಿದ್ದರೆ ಮತ್ತೆ ಇಪ್ಪತ್ತು, ಮತ್ತೆ ಇಪ್ಪತ್ತು. 2015ರಲ್ಲಿ ಇದೇ ಟೂರ್ನಿಯ ಮೊದಲ ಸುತ್ತಿನಲ್ಲಿ ಯುಮಾಸ್ ತಂಡ ಐದನೇ ಓವರ್‌ಟೈಮ್‌ನಲ್ಲಿ ನೋಟರ್ ಡೇಮ್ ಮೇಲೆ 4-3ರಿಂದ ಗೆದ್ದಿತ್ತು. ನೋಟರ್ ಡೇಮ್ ಆಗ ಹಾಕಿ ಈಸ್ಟ್‌ನಲ್ಲಿತ್ತು. ನಿಜವಾಗಿ ಹೇಳ್ತೀನಿ, ನಾಕೌಟ್ ಓವರ್‌ಟೈಮ್‌ನಲ್ಲಿ ಒಂದೊಂದು ಸಲ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಗೋಲಿನ ಮುಂದೆ ಬಿದ್ದಾಗಲೂ ಸಾವಿರಾರು ಜನ ಒಟ್ಟಿಗೆ ಎದ್ದು ನಿಲ್ಲೋದನ್ನು ನೋಡಿದರೆ ಮೈ ಜುಂ ಅನ್ನುತ್ತದೆ.

ಆಟದ ನಿಯಮ ಸ್ವಲ್ಪ ಸಾಕು. ಇಪ್ಪತ್ತು ನಿಮಿಷದ ಮೂರು ಅವಧಿ. ಗೋಲ್‌ಕೀಪರ್ ಸೇರಿ ಆರು ಜನ. ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ, ಆಟ ನಡೀತಿರುವಾಗಲೇ ಬೆಂಚಿನ ಗೋಡೆ ಹಾರಿ ಒಳಗೆ ಬರುತ್ತಾರೆ. ಕಾಲು ಕೊಟ್ಟು ಬೀಳಿಸಿದರೆ, ಸ್ಟಿಕ್‌ನಿಂದ ಹಿಡಿದೆಳೆದರೆ ಎರಡು ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತು ಎದುರಿನವರಿಗೆ ಒಬ್ಬ ಜಾಸ್ತಿ. ಅದೇ ಪವರ್ ಪ್ಲೇ. ಕ್ರಿಕೆಟ್‌ನ ಪವರ್ ಪ್ಲೇಗೂ ಇದಕ್ಕೂ ಸಂಬಂಧ ಇಲ್ಲ. ನೀಲಿ ಗೆರೆಯನ್ನು ಪಕ್‌ಗಿಂತ ಮೊದಲು ಆಟಗಾರ ದಾಟಿದರೆ ಆಫ್‌ಸೈಡ್. ಕೊನೆಯ ಎರಡು ನಿಮಿಷದಲ್ಲಿ ಒಂದು ಗೋಲ್ ಹಿಂದಿರುವ ತಂಡ ತನ್ನ ಗೋಲ್‌ಕೀಪರನ್ನೇ ಹೊರಗೆ ಕರೆದು ಇನ್ನೊಬ್ಬ ಆಟಗಾರನನ್ನು ಇಳಿಸುತ್ತದೆ. ಗೋಲ್ ಖಾಲಿ. ಆಗ ಫೋನ್ ಕೆಳಗಿಡಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಬಹಳ ಜನ ಕೇಳುತ್ತಾರೆ. ಧಾರಾಳವಾಗಿ. ಟಿವಿಯಲ್ಲಿ ವೃತ್ತಿಪರರ ಲೀಗ್ ಎನ್‌ಎಚ್‌ಎಲ್‌ನ ಹೊಡೆದಾಟ ನೋಡಿ ಹೆದರಬೇಡಿ. ಕಾಲೇಜು ಆಟದಲ್ಲಿ ಕೈ ಕೈ ಮಿಲಾಯಿಸಿದವರು ಆ ಪಂದ್ಯದಿಂದ ಹೊರಗೆ, ಮುಂದಿನ ಪಂದ್ಯವನ್ನೂ ಆಡುವಂತಿಲ್ಲ. ಎಲ್ಲರೂ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕಿರುತ್ತಾರೆ. ಆದರೆ ಗದ್ದಲ ಜೋರು. ಕಾಲೇಜಿನ ಬ್ಯಾಂಡ್ ಇರುತ್ತದೆ. ಗೋಲ್ ಬಿದ್ದರೆ ವಿದ್ಯಾರ್ಥಿಗಳೆಲ್ಲ ಎದುರಾಳಿ ಗೋಲ್‌ಕೀಪರ್ ಕಡೆ ಬೆರಳು ತೋರಿಸಿ "ಸೀವ್, ಸೀವ್" ಅಂತ ಕೂಗುತ್ತಾರೆ, ಜರಡಿ ಅಂತ ಅರ್ಥ. ಚಿಕ್ಕ ಮಕ್ಕಳಿಗೆ ಕಿವಿ ಮುಚ್ಚೋಕೆ ಏನಾದರೂ ಇರಲಿ, ವಿದ್ಯಾರ್ಥಿಗಳ ಕಡೆಯ ಸೀಟು ಬೇಡ. ಗೋಲಿನ ಹಿಂದೆ ಬಲೆ ಕಟ್ಟಿರುತ್ತಾರೆ, ಪಕ್ಕದ ಸೀಟಿನವರು ಮಾತ್ರ ಪಕ್ ಮೇಲೆ ಕಣ್ಣಿಟ್ಟಿರಬೇಕು. ಗಟ್ಟಿ ರಬ್ಬರಿನದು, ಚಳಿಗೆ ಹೆಪ್ಪುಗಟ್ಟಿಸಿದ್ದು, ಬಡಿದರೆ ಏಟಾಗುತ್ತದೆ.

ನನ್ನನ್ನು ಕೇಳಿದರೆ ಮೊದಲ ಸಲ ಹೋಗೋರು ಫೈನಲ್‌ಗೆ ಕಾಯಬೇಡಿ. ಕ್ವಾರ್ಟರ್‌ಫೈನಲ್‌ಗೆ ಹೋಗಿ. ಟಿಡಿ ಗಾರ್ಡನ್ 17,000ಕ್ಕೂ ಜಾಸ್ತಿ ಜನ ಹಿಡಿಸುವ ಜಾಗ. ಮೇಲಿನ ಸೀಟು ಸಿಕ್ಕರೆ ಪಕ್ ಹುಡುಕೋದೇ ಕೆಲಸವಾಗುತ್ತದೆ. ಕಾಲೇಜಿನ ರಿಂಕ್ ಚಿಕ್ಕದು. ಮೆರಿಮ್ಯಾಕ್‌ನ ಲಾಲರ್ ರಿಂಕ್‌ನಂಥ ಜಾಗದಲ್ಲಿ ಸ್ಕೇಟ್ ಮಂಜನ್ನು ಕೊರೆಯುವ ಸದ್ದು, ಆಟಗಾರ ಗಾಜಿಗೆ ಬಂದು ಅಪ್ಪಳಿಸುವ ಸದ್ದು, ಬೆಂಚಿನಿಂದ ಕೋಚ್ ಕೂಗೋದು ಎಲ್ಲ ಕೇಳುತ್ತದೆ. ಒಳಗೂ ಚಳಿ ಇರುತ್ತದೆ, ಜಾಕೆಟ್ ತೆಗೆಯಬೇಡಿ. ನಾರ್ತ್ಈಸ್ಟರ್ನ್ ಬಗ್ಗೆ ಮಾತ್ರ ಒಂದು ಸೂಚನೆ: 1910ರಿಂದ ಇದ್ದ ಅವರ ಮ್ಯಾಥ್ಯೂಸ್ ಅರೀನಾ 2025ರ ಡಿಸೆಂಬರ್‌ನಲ್ಲಿ ಮುಚ್ಚಿದೆ. ಅವರ ಪಂದ್ಯ ಎಲ್ಲಿ ಅಂತ ನೋಡಿಕೊಂಡೇ ಹೊರಡಿ. ವಿದ್ಯಾರ್ಥಿಗಳಾಗಿದ್ದರೆ ನಿಮ್ಮ ಕಾಲೇಜಿನ ಟಿಕೆಟ್ ಆಫೀಸಿನಲ್ಲಿ ಮೊದಲು ವಿಚಾರಿಸಿ, ಟೂರ್ನಿಗೆ ವಿದ್ಯಾರ್ಥಿ ದರ ಬೇರೆ ಇರಬಹುದು.

ಇನ್ನೊಂದು ಗೊಂದಲ ಬೀನ್‌ಪಾಟ್. ಫೆಬ್ರವರಿಯ ಮೊದಲ ಎರಡು ಸೋಮವಾರ ಗಾರ್ಡನ್‌ನಲ್ಲೇ ನಡೆಯುವ ಟೂರ್ನಿ ಅದು. ಬಾಸ್ಟನ್ ಕಾಲೇಜ್, ಬಾಸ್ಟನ್ ಯೂನಿವರ್ಸಿಟಿ, ನಾರ್ತ್ಈಸ್ಟರ್ನ್, ಹಾರ್ವರ್ಡ್, ಈ ನಾಲ್ಕೇ ತಂಡ. 1952ರಿಂದ ನಡೆದುಕೊಂಡು ಬಂದಿದೆ. ಊರಿನೊಳಗಿನ ಪ್ರತಿಷ್ಠೆಯ ಕಪ್ ಅದು, ಗೆದ್ದರೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ ಸಿಗಲ್ಲ.

ಮಹಿಳೆಯರ ಹಾಕಿ ಈಸ್ಟ್ ಟೂರ್ನಿಯನ್ನು ನಮ್ಮ ಜನ ಗಮನಿಸೋದೇ ಇಲ್ಲ, ಅದು ನನಗೆ ಬೇಜಾರಿನ ವಿಷಯ. ಪುರುಷರಿಗಿಂತ ಮೊದಲೇ, ಫೆಬ್ರವರಿ ಕೊನೆಯಲ್ಲಿ ಶುರುವಾಗುತ್ತದೆ. 2018ರಿಂದ 2023ರವರೆಗೆ ನಾರ್ತ್ಈಸ್ಟರ್ನ್ ಹುಡುಗಿಯರು ಸತತ ಆರು ಸಲ ಗೆದ್ದರು. ಆಟದಲ್ಲಿ ಮೈಮೇಲೆ ಬೀಳೋದು ಕಮ್ಮಿ, ಪಾಸ್ ಜಾಸ್ತಿ. ಹೊಸಬರಿಗೆ ಆಟ ಅರ್ಥವಾಗೋಕೆ ಇದಕ್ಕಿಂತ ಒಳ್ಳೇದಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ.

ಗಾರ್ಡನ್‌ಗೆ ಹೋಗೋದಾದರೆ ಕಾರು ಬೇಡ, ಪಾರ್ಕಿಂಗ್‌ಗೆ ಟಿಕೆಟ್‌ನಷ್ಟೇ ಹೋಗುತ್ತದೆ. ನಾರ್ತ್ ಸ್ಟೇಷನ್ ಆ ಕಟ್ಟಡದ ಕೆಳಗೇ ಇದೆ. ಲೋವೆಲ್, ಹೇವರಿಲ್, ಸೌತ್ ಆಕ್ಟನ್ ಕಡೆಯ ರೈಲುಗಳು ನೇರ ಅಲ್ಲಿಗೇ ಬರುತ್ತವೆ. ಬರ್ಲಿಂಗ್‌ಟನ್‌ನವರು ವೋಬರ್ನ್‌ನಲ್ಲಿ ಕಾರು ಬಿಟ್ಟು ಲೋವೆಲ್ ಲೈನ್ ಹಿಡಿಯಿರಿ. ವೆಸ್ಟ್‌ಬರೋ, ಆಶ್‌ಲ್ಯಾಂಡ್, ಫ್ರೇಮಿಂಗ್‌ಹ್ಯಾಮ್‌ನವರ ರೈಲು ಸೌತ್ ಸ್ಟೇಷನ್‌ಗೆ ಹೋಗುತ್ತದೆ. ಅವರು ಒಂದು ಸ್ಟಾಪ್ ಮೊದಲೇ ಬ್ಯಾಕ್ ಬೇಯಲ್ಲಿ ಇಳಿದು ಆರೆಂಜ್ ಲೈನ್ ಹತ್ತಬೇಕು. ಟಿಕೆಟ್ ಫೋನಿನಲ್ಲೇ ಇರುತ್ತದೆ, ಚಾರ್ಜ್ ನೋಡಿಕೊಳ್ಳಿ. ಬ್ಯಾಗ್ ಒಳಗೆ ಬಿಡಲ್ಲ, ಡಬ್ಬಿ ಕಟ್ಟಿಕೊಂಡು ಹೋಗೋ ಯೋಚನೆ ಬಿಡಿ. ಸಸ್ಯಾಹಾರಿಗಳಿಗೆ ಪಿಜ್ಜಾ, ಪ್ರೆಟ್ಜೆಲ್, ಪಾಪ್‌ಕಾರ್ನ್ ಬಿಟ್ಟರೆ ಹೆಚ್ಚೇನೂ ಸಿಗಲ್ಲ, ಮನೆಯಲ್ಲಿ ತಿಂದೇ ಹೊರಡಿ. ಸೆಮಿಫೈನಲ್ ದಿನ ಒಂದರ ಹಿಂದೊಂದು ಎರಡು ಪಂದ್ಯ ಇರುತ್ತವೆ. ಮೊದಲನೆಯದು ಓವರ್‌ಟೈಮ್‌ಗೆ ಹೋದರೆ ಎರಡನೆಯದು ತಡವಾಗಿ ಶುರುವಾಗುತ್ತದೆ, ಅದೂ ಎಳೆದರೆ ಮಧ್ಯರಾತ್ರಿ ಹತ್ತಿರವಾಗಬಹುದು. ನಿಮ್ಮ ಲೈನಿನ ಕೊನೇ ರೈಲು ಎಷ್ಟಕ್ಕೆ ಅಂತ ಹೊರಡೋ ಮುಂಚೆಯೇ ನೋಡಿಟ್ಟುಕೊಳ್ಳಿ. ಅದು ತಪ್ಪಿದರೆ ಕರೆದುಕೊಂಡು ಹೋಗೋಕೆ ಊರೊಳಗೆ ಇರುವ ಒಬ್ಬ ಸ್ನೇಹಿತರಿಗೆ ಮೊದಲೇ ಹೇಳಿಟ್ಟಿರಿ.