ಹುರಮಂಜು ಬಳಿದಂತಾದ ಕಾರು

ಮೇ ತಿಂಗಳ ಮಧ್ಯಾಹ್ನ, ಅದೂ ಕಲಬುರಗಿಯಲ್ಲಿ, ಮಾಳಿಗೆ ಹತ್ತಿ ಸ್ಪ್ರೇ ಹೊಡೆಯುವವನಿಗೆ ಯಾರೂ ಬುದ್ಧಿವಂತ ಅನ್ನುವುದಿಲ್ಲ. ನಾನು ಹೊಡೆದೆ. ಕಿಟ್‌ನ ಭಾಗ ಜೋಡಿಸಿ ಮಾಡಿದ, ನಿಜ ಕಾರಿನ 1/24 ಅಳತೆಯ ಪ್ಲಾಸ್ಟಿಕ್ ಮಾದರಿ ಕಾರು, ಉದ್ದ ಒಂದು ಗೇಣಿಗೂ ಕಡಿಮೆ. ಕೈಯಲ್ಲಿ ಕೆಂಪು ಲ್ಯಾಕರ್ ಬಣ್ಣದ ಸ್ಪ್ರೇ ಡಬ್ಬಿ. ಹೊರಗೆ 42 ಡಿಗ್ರಿ, ಜೊತೆಗೆ ಬಿಸಿಗಾಳಿ. ಬಣ್ಣ ಸೋರೀತೆಂದು ಹೆದರಿ ಮೊಳ ದೂರದಿಂದ ಹೊಡೆದೆ. ಹನಿಗಳು ಕಾರು ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ ಪುಡಿಯಾಗಿ ಕೂತವು. ಬೆರಳಾಡಿಸಿದರೆ ರವೆ ಸವರಿದಂತೆ. ಅವ್ವ ನೋಡಿ, "ಇದೇನೋ, ಕಾರಿಗಿ ಹುರಮಂಜ ಬಳದಂಗ ಕಾಣ್ಲಕತ್ತದ" ಅಂದಳು. ಹುರಮಂಜು ಅಂದರೆ ಗೋಡೆಗೆ ಬಳಿಯುವ ಕೆಮ್ಮಣ್ಣು. ಅಷ್ಟು ಸರಿಯಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

1500 ನಂಬರಿನ ವಾಟರ್ ಪೇಪರ್, ಅಂದರೆ ನುಣುಪು ಉಜ್ಜುಕಾಗದ, ನೆನೆಸಿ ಉಜ್ಜಿದೆ. ಚಾವಣಿ ನುಣುಪಾಯಿತು. ಬಾನೆಟ್ಟಿನ ಅಂಚಿಗೆ ಬಂದಾಗ ನಾಲ್ಕೇ ಉಜ್ಜಿಗೆ ಬಿಳಿ ಪ್ಲಾಸ್ಟಿಕ್ ಇಣುಕಿತು. ಅಂಚಿನಲ್ಲಿ ಬಣ್ಣ ತೆಳುವಾಗಿಯೇ ನಿಂತಿರುತ್ತದೆ, ನನಗದು ಹೊಳೆಯಲಿಲ್ಲ. ಇನ್ನು ಪೂರ್ತಿ ಬಣ್ಣ ತೆಗೆಯುವುದೇ ದಾರಿ.

ಮನೆಯಲ್ಲಿ ಥಿನ್ನರ್ ಇತ್ತು. ಅದನ್ನು ಮೊದಲು ಕಿಟ್‌ನ ಬೇಡದ ಕಡ್ಡಿಯೊಂದಕ್ಕೆ ಹಚ್ಚಿದೆ. ಕಡ್ಡಿ ಬೆರಳಿಗೆ ಅಂಟುವಷ್ಟು ಕರಗಿತು. ಕಾರನ್ನು ಉಳಿಸಿದ್ದು ಆ ಕಡ್ಡಿ. ಕೊನೆಗೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಕೇಳಿದೆ, ಐಸೊಪ್ರೊಪೈಲ್ ಆಲ್ಕೋಹಾಲ್, ಅವರು ಮೊಬೈಲ್ ಒಳಭಾಗ ತೊಳೆಯುವ ದ್ರವ. "ಯಾವ ಮೊಬೈಲ್ ನೀರಾಗ ಬಿದ್ದದ್ರಿ?" ಅಂದ ಅಂಗಡಿಯವ. ಕಾರು ಅಂದೆ. ಮತ್ತೇನೂ ಕೇಳಲಿಲ್ಲ.

ಗಾಜಿನ ಭಾಗಗಳನ್ನೆಲ್ಲ ಬಿಚ್ಚಿ, ಬರಿ ಬಾಡಿಯನ್ನು ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿ, ಒಲೆಯಿಂದ ದೂರ, ಗಾಳಿಯಾಡುವ ಕಡೆ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಬಣ್ಣ ಕಾದಾರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಕೈಗವಸು ಹಾಕಿ ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿದರೆ ಚಕ್ಕೆಚಕ್ಕೆಯಾಗಿ ಬಂತು. ಬಾಗಿಲ ಗೆರೆಗಳಲ್ಲಿ ಉಳಿದ ಕೆಂಪನ್ನು ಮಾತ್ರ ಹಲ್ಲುಕಡ್ಡಿಯಿಂದ ಕೆದರಬೇಕಾಯಿತು, ಒಂದು ತಾಸು. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿದೆ.

ಎರಡನೇ ಸಲ ನಸುಕಿನ ಆರಕ್ಕೇ ಮಾಳಿಗೆ ಹತ್ತಿದೆ. ಪ್ರೈಮರ್ ಒಣಗಿದ ಮೇಲೆ ಕೆಂಪು. ಈ ಸಲ ದೂರ ಒಂದು ಗೇಣಿನೊಳಗೆ. ಕಾರಿನ ಆಚೆಯಿಂದಲೇ ಸ್ಪ್ರೇ ಶುರು ಮಾಡಿ, ಈಚೆ ದಾಟಿದ ಮೇಲೆ ಬೆರಳು ಬಿಟ್ಟೆ. ಎರಡು ತೆಳು ಕೋಟ್, ನಡುವೆ ಹದಿನೈದು ನಿಮಿಷ; ಮೂರನೆಯದು ಮಾತ್ರ ಒದ್ದೆಯಾಗಿ ಹೊಳೆಯುವಷ್ಟು. ತಕ್ಷಣ ಮೇಲೆ ಬಕೆಟ್ ಬೋರಲು ಹಾಕಿದೆ, ನಮ್ಮೂರ ಧೂಳು ಬಣ್ಣ ಒಣಗುವ ತನಕ ಕಾಯುವುದಿಲ್ಲ.

ಒಂದು ವಾರ ಉಜ್ಜಲು ಹೋಗಲಿಲ್ಲ. ದಿನಾ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದೆ. ವಾಸನೆ ಪೂರ್ತಿ ಹೋದ ಮೇಲೆ ಅಂಚುಗಳಿಗೆಲ್ಲ ಟೇಪ್ ಹಚ್ಚಿ, 2000 ನಂಬರಿನ ಪೇಪರನ್ನು ಸೋಪಿನ ನೀರಲ್ಲಿ ಅದ್ದಿ ಹಗುರಾಗಿ ಉಜ್ಜಿದೆ. ಆಮೇಲೆ ಹೊಳಪು ಬರಿಸುವ ರಬ್ಬಿಂಗ್ ಕಾಂಪೌಂಡ್, ಹಳೇ ಬನಿಯನ್ ಬಟ್ಟೆಯಲ್ಲಿ. ಚಾವಣಿಯಲ್ಲಿ ಟ್ಯೂಬ್‌ಲೈಟ್ ನೆಟ್ಟಗೆ ಕಾಣತೊಡಗಿತು.

ಎಡಬಾಗಿಲ ಅಂಚಿನಲ್ಲಿ ಒಂದು ಎಳೆ ನೂಲು ಬಣ್ಣದಡಿ ಸಿಕ್ಕಿಕೊಂಡಿದೆ. ಅದನ್ನು ಉಜ್ಜಲು ಹೋಗಿಲ್ಲ.